ಬುಧವಾರದ ವಯೋಲಾ ಪೀರಿಯಡ್

ನಾನು ಹುಟ್ಟು ಅಂಜುಬುರುಕಿಯೇನಲ್ಲ. ಮೈಸೂರಿನಲ್ಲಿದ್ದಾಗ ಕ್ಯೂನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಹೆಗಲು ತಟ್ಟಿ ಹಿಂದಕ್ಕೆ ಕಳಿಸುತ್ತಿದ್ದವಳು. 'ಬಜಾರಿ' ಎಂದು ಬೆನ್ನ ಹಿಂದೆ ಅಂದದ್ದೂ ಕಿವಿಗೆ ಬಿದ್ದಿದೆ. ನನಗೇನೂ ಬೇಜಾರಾಗಿರಲಿಲ್ಲ. ಹೆದರಿಕೆ ಶುರುವಾದದ್ದು ಇಲ್ಲಿಗೆ ಬಂದ ಮೇಲೆ, ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತು ವರ್ಷಗಳು ಉರುಳಿದ ಮೇಲೆ. ಮೊದಮೊದಲು ಹಿಂದೆ ಪೊಲೀಸ್ ಕಾರು ಬಂದರೆ ಮಾತ್ರ ಎದೆ ಢವಢವ ಅನ್ನುತ್ತಿತ್ತು. ಈಚೆಗಂತೂ ಹೆದರಿಕೆ ಮನೆಯಲ್ಲೇ ಬಿಡಾರ ಹೂಡಿಬಿಟ್ಟಿದೆ. ಪಕ್ಕದ ರಾಜ್ಯದ ಜೆರಿಕೋದಲ್ಲಿರುವ ನನ್ನ ಅಕ್ಕ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದೊಂದು ಸುದ್ದಿ ಕಳಿಸುತ್ತಾಳೆ. ಯಾರನ್ನೋ ಏರ್‌ಪೋರ್ಟಿನಲ್ಲಿ ಕೂರಿಸಿಕೊಂಡರಂತೆ, ಯಾರದೋ ಫೋನು ತೆಗೆದು ನೋಡಿದರಂತೆ. ಕೊನೆಯಲ್ಲಿ ಒಂದು ಕೈಮುಗಿದ ಚಿತ್ರ.

ನಾವಿರುವುದು ನ್ಯೂಜೆರ್ಸಿಯಲ್ಲಿ, ಮನ್ರೋ ಆಸುಪಾಸಿನ ಒಂದು ಟೌನಿನಲ್ಲಿ. ನನ್ನ ಗಂಡ ಹ್ಯಾರಿಸನ್ನಿನ ಆಫೀಸಿಗೆ ಕಮ್ಯೂಟ್ ಮಾಡುತ್ತಾರೆ, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಒಬ್ಬಳೇ ಮಗಳು, ಆಗ ನಾಲ್ಕನೇ ಗ್ರೇಡು. ಅವಳ ಸ್ಕೂಲಿನಲ್ಲಿ ಬುಧವಾರ ತಂತಿವಾದ್ಯದ ಪೀರಿಯಡ್ ಇತ್ತು. ವಾದ್ಯ ಸ್ಕೂಲಿನದೇ, ಅಭ್ಯಾಸಕ್ಕೆ ಮನೆಗೂ ಕೊಡುತ್ತಿದ್ದರು. ಮಗಳ ಪಾಲಿಗೆ ವಯೋಲಾ ಬಂದಿತ್ತು. ಪಿಟೀಲಿಗಿಂತ ತುಸು ದೊಡ್ಡದು, ದನಿ ಅದಕ್ಕಿಂತ ತಗ್ಗು. ಅವರ ಮ್ಯೂಸಿಕ್ ಟೀಚರ್ ಒಂದು ಒಳ್ಳೆಯ ಪದ್ಧತಿ ಇಟ್ಟುಕೊಂಡಿದ್ದರು. ಪ್ರತಿ ಮಗುವೂ ತನ್ನ ಮನೆಯ ಹಿರಿಯರಿಂದ ಹಳೆಯ ಹಾಡೊಂದನ್ನು ಕೇಳಿಕೊಂಡು ಬರಬೇಕು, ಇಡೀ ಕ್ಲಾಸು ಅದನ್ನು ನುಡಿಸಲು ಕಲಿಯಬೇಕು. ಒಂದು ವಾರ ಪೋಲೆಂಡಿನವರ ಮನೆಯ ಹಾಡು, ಇನ್ನೊಂದು ವಾರ ಈಜಿಪ್ಟಿನವರದು. ನನ್ನ ಮಗಳು ಒಯ್ದದ್ದು ನಮ್ಮಮ್ಮ ಒಬ್ಬಟ್ಟು ತಟ್ಟುವಾಗ ತನ್ನಷ್ಟಕ್ಕೆ ಹೇಳಿಕೊಳ್ಳುವ ಒಂದು ಹಾಡು. ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಕೈಯಲ್ಲಿ ಅದನ್ನು ಎಷ್ಟು ಸಲ ಹೇಳಿಸಿದಳೋ, ಕೊನೆಗೆ ನಮ್ಮಮ್ಮ, 'ಸಾಕು ಬಿಡೇ ತಾಯಿ, ಹೂರಣ ತಳ ಹತ್ತುತ್ತೆ' ಎಂದಿದ್ದರು.

ನಮ್ಮವರ ಮಕ್ಕಳೆಲ್ಲ ವೀಕೆಂಡಿನಲ್ಲಿ ಸಂಗೀತ, ಭರತನಾಟ್ಯ ಅಂತ ಓಡುವವರೇ. ನಾನೂ ಮಗಳನ್ನು ಒಬ್ಬ ಆಂಟಿಯ ಬಳಿ ಸಂಗೀತಕ್ಕೆ ಹಾಕಿದ್ದೆ. ಭಾನುವಾರ ಅವರ ಲಿವಿಂಗ್ ರೂಮಿನಲ್ಲಿ ಜಮಖಾನ ಹಾಸಿ ಪಾಠ. ಸರಳೆ ವರಸೆ ಮುಗಿಯುವ ಮೊದಲೇ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು, 'ಬೇಜಾರ್ ಮಾಡ್ಕೋಬೇಡಮ್ಮ, ಇವಳಿಗೆ ಶ್ರುತಿ ನಿಲ್ಲಲ್ಲ. ಸ್ವಿಮ್ಮಿಂಗಿಗೋ ಡ್ರಾಯಿಂಗಿಗೋ ಹಾಕಿಬಿಡು' ಎಂದರು. ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅವತ್ತಿನಿಂದ ಅವಳು ಬಾಯಿಬಿಟ್ಟು ಹಾಡಿದ್ದನ್ನು ನಾನು ಕಂಡಿಲ್ಲ. ಪಾಠ ಯಾಕೆ ಬಿಡಿಸಿದೆ ಎಂದು ಯಾರಾದರೂ ಕೇಳಿದರೆ ಟೈಮಿಂಗ್ ಹೊಂದಲಿಲ್ಲ ಎನ್ನುತ್ತಿದ್ದೆ. ಅಂಥವಳು ಈ ವಯೋಲಾ ಬಂದ ಮೇಲೆ ಸ್ಕೂಲಿನಿಂದ ಬಂದು ಶೂ ಬಿಚ್ಚುವ ಮೊದಲೇ ಪೆಟ್ಟಿಗೆ ತೆರೆಯುತ್ತಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಸ್ಕೂಲ್ ಬೋರ್ಡಿನಿಂದ ಇಮೇಲ್ ಬಂತು. ಬಜೆಟ್ ಸಾಲದು, ಮುಂದಿನ ವರ್ಷದಿಂದ ಎಲಿಮೆಂಟರಿ ಸ್ಕೂಲುಗಳಲ್ಲಿ ತಂತಿವಾದ್ಯದ ಪೀರಿಯಡ್ ಇರುವುದಿಲ್ಲ, ಜೂನಿನಲ್ಲಿ ವಾದ್ಯಗಳನ್ನು ಹಿಂದಿರುಗಿಸಿ ಎಂದು. ಬೋರ್ಡೆಂದರೆ ಊರಿನವರೇ ಓಟು ಹಾಕಿ ಆರಿಸಿದ ಸಮಿತಿ. ನಮಗೆ ಓಟಿಲ್ಲ. ನಮ್ಮ ಮಾತಿಗೆ ಏನು ಬೆಲೆ ಎಂದು ಯೋಚಿಸುತ್ತಲೇ ನಾನು ಪೀರಿಯಡ್ ಉಳಿಸಿ ಎನ್ನುವ ಆನ್‌ಲೈನ್ ಮನವಿಗೆ ಹೆಸರು ಹಾಕಲು ಹೊರಟೆ. ನನ್ನ ಗಂಡ ಹಿಂದಿನಿಂದ ನೋಡಿದವರೇ ಲ್ಯಾಪ್‌ಟಾಪ್ ಮುಚ್ಚಿದರು.

'ಊರ ಉಸಾಬರಿ ಬೇಡ. ನಮ್ದಿನ್ನೂ ಪೆಂಡಿಂಗ್ ಇದೆ ಕಣೆ.'

'ವಯೋಲಾ ಪೀರಿಯಡ್ ಕೇಳಿದ್ರೆ ಡಿಪೋರ್ಟ್ ಮಾಡ್ತಾರೇನ್ರೀ?'

'ಯಾರಿಗ್ಗೊತ್ತು? ಈಗ ಯಾರಿಗೆ ಏನ್ ಗೊತ್ತು, ನೀನೇ ಹೇಳು.'

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವರ ಮುಖ ನೋಡಿದೆ. ಅವರು ನಿಜವಾಗಿಯೂ ಹೆದರಿದ್ದರು. ನಾನೂ ಹೆದರಿದೆ. ಹೆಸರು ಹಾಕಲಿಲ್ಲ.

ನಮ್ಮ ಕನ್ನಡದವರ ಗುಂಪಿಗೆ ಧೈರ್ಯ ತುಂಬಿದವರು ಧಾರವಾಡದ ಒಬ್ಬ ಅಂಕಲ್. ರಿಟೈರ್ಡ್ ಎಂಜಿನಿಯರ್, ಯಾವ ಕಾಲಕ್ಕೋ ಸಿಟಿಜನ್ ಆದವರು, ಗಣೇಶನ ಹಬ್ಬದಿಂದ ಪಿಕ್‌ನಿಕ್‌ವರೆಗೆ ಎಲ್ಲದಕ್ಕೂ ಅವರೇ ಮುಂದು. ಎಲ್ಲರನ್ನೂ ತಮ್ಮ ಬೇಸ್‌ಮೆಂಟಿಗೆ ಕರೆದು ಚುರುಮುರಿ, ಮಿರ್ಚಿ ಕೊಟ್ಟು ಕೂರಿಸಿದರು.

'ಅಂಜಬ್ಯಾಡ್ರೀ. ಬರೇ ಹೋಗಿ ಕೇಳಿದ್ರ ಯಾರ್ ಕೊಡ್ತಾರ? ಮೊದ್ಲ ಬೋರ್ಡಿನ ಪ್ರೆಸಿಡೆಂಟ್ ಮೇಡಂಗ ಒಂದ್ ಸನ್ಮಾನ ಮಾಡೂಣು. ಶಾಲು, ಮೈಸೂರ ಪೇಟಾ, ಹಣ್ಣಿನ ಬುಟ್ಟಿ. ಆಮ್ಯಾಲ ನಮ್ಮ ಹುಡುಗೂರು ಹಾಡಿ ಕುಣದು ತೋರಸ್ಲಿ. ಕಲಾ ಅಂದ್ರ ಏನಂತ ಅವರ ಕಣ್ಣಿಗೆ ಕಾಣ್ಬೇಕು ನೋಡ್ರಿ.'

ಎಲ್ಲರೂ ತಲೆಯಾಡಿಸಿದೆವು. ಅದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ. ನಮ್ಮ ಕಡೆ ಯಾವ ಕೆಲಸ ತಾನೇ ಸನ್ಮಾನವಿಲ್ಲದೆ ಶುರುವಾಗುತ್ತದೆ? ಸಂಗೀತದ ಆಂಟಿ ತಮ್ಮ ಕ್ಲಾಸಿನ ಅತ್ಯುತ್ತಮ ಮಕ್ಕಳನ್ನು ಆರಿಸಿದರು. ನನ್ನ ಮಗಳು ಅದರಲ್ಲಿ ಇರುವ ಪ್ರಶ್ನೆಯೇ ಇರಲಿಲ್ಲ. ಅಂಕಲ್ ಎಲ್ಲರ ಪರವಾಗಿ ಮಾತಾಡುತ್ತಾರೆ, ನೀವು ಸನ್ಮಾನದ ತಟ್ಟೆ ಹಿಡಿದುಕೊಂಡರೆ ಸಾಕು ಎಂದು ಗುಂಪಿನವರು ನನಗೆ ಹೇಳಿದರು. ಮಾತಾಡುವುದಿಲ್ಲವಲ್ಲ, ಬರೀ ತಟ್ಟೆ ತಾನೇ ಎಂದು ನನ್ನ ಗಂಡನೂ ಒಪ್ಪಿದರು.

ಬೋರ್ಡ್ ಮೀಟಿಂಗಿನಲ್ಲಿ ಊರಿನವರು ಮೈಕಿನ ಮುಂದೆ ಬಂದು ಅಭಿಪ್ರಾಯ ಹೇಳಲು ಸ್ವಲ್ಪ ಹೊತ್ತು ಬಿಟ್ಟಿರುತ್ತಾರೆ. ಆ ಹೊತ್ತಿನಲ್ಲಿ ನಾವು ದಿಬ್ಬಣ ಹೋದ ಹಾಗೆ ಹೋದೆವು. ನಾನು ಹಸಿರು ರೇಷ್ಮೆ ಸೀರೆ ಉಟ್ಟು ಹಣ್ಣಿನ ಬುಟ್ಟಿಯಿಟ್ಟ ಬೆಳ್ಳಿ ತಟ್ಟೆ ಹಿಡಿದಿದ್ದೆ, ಹೆಜ್ಜೆ ಇಟ್ಟಂತೆಲ್ಲ ಕುಂಕುಮದ ಬಟ್ಟಲು ಟಣಟಣ ಅನ್ನುತ್ತಿತ್ತು. ಅಂಕಲ್ ಪ್ರೆಸಿಡೆಂಟರಿಗೆ ಶಾಲು ಹೊದಿಸಿ ಪೇಟ ತೊಡಿಸಿ, ನನ್ನ ತಟ್ಟೆಯಿಂದ ಬುಟ್ಟಿ ಎತ್ತಿ ಮುಂದಿಟ್ಟರು. ಪೇಟ ದೊಡ್ಡದಾಗಿ ಆಕೆಯ ಹುಬ್ಬಿನವರೆಗೆ ಇಳಿಯಿತು. ಮಕ್ಕಳು ಎಷ್ಟು ಚೆನ್ನಾಗಿ ಹಾಡಿದರೆಂದರೆ ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಅಂಕಲ್ ಪೀರಿಯಡ್ಡಿನ ಮಾತೆತ್ತುವ ಮೊದಲೇ ಪೇಟ ಹಿಂದಕ್ಕೆ ಸರಿಸಿಕೊಂಡು ಪ್ರೆಸಿಡೆಂಟ್ ಮಾತಾಡಿದರು. ಎಷ್ಟು ಸುಂದರವಾಗಿತ್ತು, ನಿಮ್ಮ ಸಮುದಾಯ ವೀಕೆಂಡಿನಲ್ಲಿ ಮಕ್ಕಳಿಗೆ ಇಷ್ಟೆಲ್ಲ ಕಲಿಸುತ್ತಿದೆ, ಸ್ಕೂಲಿನ ನೆರವಿಲ್ಲದೆಯೂ ಕಲೆ ಪರಂಪರೆಗಳು ಹೀಗೆ ಬೆಳೆಯುತ್ತವೆಂದು ನೀವೇ ತೋರಿಸಿಕೊಟ್ಟಿರಿ, ನಮ್ಮ ಕಷ್ಟದ ತೀರ್ಮಾನವನ್ನು ನೀವು ಸ್ವಲ್ಪ ಹಗುರ ಮಾಡಿದಿರಿ, ಎಂದರು.

ಹಾಲಿನ ತುಂಬ ಚಪ್ಪಾಳೆ. ಅಂಕಲ್ ಕೂಡ ಚಪ್ಪಾಳೆ ತಟ್ಟುತ್ತಿದ್ದರು! ನನಗೆ ಅರ್ಥವಾಗಲು ಅರೆಕ್ಷಣ ಬೇಕಾಯಿತು. ಅಯ್ಯೋ ದೇವರೇ, ಪೀರಿಯಡ್ ಉಳಿಸಿ ಎನ್ನಲು ಬಂದವರು, ಅದು ಬೇಡವೆಂದು ರೇಷ್ಮೆ ಉಟ್ಟು ಸಾಕ್ಷಿ ಹೇಳಿದ್ದೆವು. ಅಷ್ಟರಲ್ಲಿ ಬೋರ್ಡಿನ ವಕೀಲರು ಪ್ರೆಸಿಡೆಂಟರ ಕಿವಿಯಲ್ಲಿ ಏನೋ ಹೇಳಿದರು. ಆಕೆ ಪೇಟ ತೆಗೆದರು, ಶಾಲು ಮಡಚಿದರು. ವಕೀಲರು ಹಣ್ಣಿನ ಬುಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ತಟ್ಟೆಯ ಮೇಲಿಟ್ಟು, ಚುನಾಯಿತರು ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದರು.

ಮಾರನೆಯ ದಿನ ಊರಿನ ಫೇಸ್‌ಬುಕ್ ಗುಂಪಿನಲ್ಲಿ ಫೋಟೋ ಬಂತು. ಪ್ರೆಸಿಡೆಂಟರ ಮುಖ ಪೇಟದಲ್ಲಿ ಮುಚ್ಚಿಹೋಗಿತ್ತು, ಅಂಕಲ್‌ರ ಬೆನ್ನು ಮಾತ್ರ ಕಾಣುತ್ತಿತ್ತು. ಚೊಕ್ಕವಾಗಿ ಬಿದ್ದಿದ್ದು ನಾನೊಬ್ಬಳೇ, ಬುಟ್ಟಿಯ ಸಮೇತ. ಮೇಲೆ, ಓಟಿಗೆ ಮೊದಲು ಬೋರ್ಡಿಗೆ ಲಂಚವೇ ಎಂದು ಬರೆದಿದ್ದರು. ಕೆಳಗೆ ಕಾಮೆಂಟುಗಳು. ನಗುವವರು, ಬೈಯುವವರು, ನಮ್ಮ ಪರ ಎರಡು ಮಾತಾಡಿದವರೂ ಇದ್ದರು. ಒಬ್ಬ ಮಾತ್ರ, ಇವರೆಲ್ಲ ಯಾವ ವೀಸಾದ ಮೇಲೆ ಬಂದವರೆಂದು ಯಾರಾದರೂ ವಿಚಾರಿಸಲಿ, ಎಂದು ಬರೆದಿದ್ದ. ಅದಕ್ಕೆ ಬಹಳ ಜನ ಹೆಬ್ಬೆರಳು ಎತ್ತಿದ್ದರು.

ಅಕ್ಕ ಫೋನ್ ಮಾಡಿ, 'ನಿನ್ ಮುಖ ಎಷ್ಟ್ ಕ್ಲಿಯರ್ ಆಗಿ ಬಂದಿದ್ಯಲ್ಲೇ! ಎಲ್ಲಾ ಪ್ರೊಫೈಲ್ ಡಿಲೀಟ್ ಮಾಡು. ಅಂಗಡಿಗೂ ಹೋಗ್ಬೇಡ' ಎಂದಳು. ನಮ್ಮ ವಾಟ್ಸಾಪ್ ಗುಂಪು ತೆಪ್ಪಗಾಯಿತು. ಸನ್ಮಾನದ ದಿನ ಹೂವಿನ ಚಿತ್ರಗಳನ್ನು ಸುರಿದವರು ಒಬ್ಬೊಬ್ಬರೇ ಗುಂಪು ಬಿಟ್ಟರು. ಅಂಕಲ್‌ಗೆ ಅವರ ಮಗ ಏನು ಹೇಳಿದನೋ, ಸ್ವಲ್ಪ ದಿನ ಫ್ಲೋರಿಡಾಕ್ಕೆ ಹೋಗಿಬರುತ್ತೇನೆ ಎಂದು ಹೊರಟೇಬಿಟ್ಟರು. ಥೂ, ತಟ್ಟೆ ನನ್ನ ಕೈಗೆ ಕೊಟ್ಟು ಎಲ್ಲರೂ ಜಾಗ ಖಾಲಿ ಮಾಡಿದರಲ್ಲ ಎಂದು ಒಬ್ಬಳೇ ಅಡುಗೆಮನೆಯಲ್ಲಿ ಕೂಗಾಡಿದೆ. ಕೂಗಾಡಿದರೆ ಹೆದರಿಕೆ ಕಡಿಮೆಯಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ.

ಒಂದು ಮಧ್ಯಾಹ್ನ ಮನೆಯ ಮುಂದೆ ಹೆಸರಿಲ್ಲದ ಬಿಳಿ ವ್ಯಾನೊಂದು ಬಂದು ನಿಂತಿತು. ಒಳಗಿದ್ದವರು ಇಳಿಯಲೇ ಇಲ್ಲ. ಜನರನ್ನು ಹಿಡಿದುಕೊಂಡು ಹೋಗುವವರು ಇಂಥದರಲ್ಲೇ ಬರುತ್ತಾರೆಂದು ಅಕ್ಕ ಬರೆದಿದ್ದಳು. ನಾನು ಆಫೀಸಿನ ಕಾಲ್ ಅರ್ಧಕ್ಕೆ ಬಿಟ್ಟು, ಮೂವರ ಪಾಸ್‌ಪೋರ್ಟುಗಳನ್ನೂ ಎದೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತೆ. ಕೊನೆಗೆ ಇಬ್ಬರು ಏಣಿ ಇಳಿಸಿ ಪಕ್ಕದ ಮನೆಯ ಛಾವಣಿಯಂಚಿನ ಮಳೆನೀರಿನ ಗಟರ್ ಚೊಕ್ಕ ಮಾಡತೊಡಗಿದರು. ಊಟ ಮಾಡುತ್ತ ಕೂತಿದ್ದರೆಂದು ಕಾಣುತ್ತದೆ. ನಾನು ಎದ್ದು ತಿರುಗಿದರೆ ಸ್ಕೂಲ್ ಬಸ್ಸಿನಿಂದ ಇಳಿದು ಗರಾಜಿನ ಬಾಗಿಲಿಂದ ಒಳಗೆ ಬಂದ ಮಗಳು ನಿಂತಿದ್ದಾಳೆ.

'ವೈ ಆರ್ ಯು ಹೋಲ್ಡಿಂಗ್ ದ ಪಾಸ್‌ಪೋರ್ಟ್ಸ್?'

'ಸುಮ್ನೆ ಪುಟ್ಟಾ, ಬೀರು ಕ್ಲೀನ್ ಮಾಡ್ತಿದ್ದೆ.'

ಅವಳು ಪಾಸ್‌ಪೋರ್ಟುಗಳತ್ತ ಇನ್ನೊಮ್ಮೆ ನೋಡಿದಳು. ಬ್ಯಾಗು ಇಳಿಸಿದಳು. ವಯೋಲಾದ ಪೆಟ್ಟಿಗೆ ತೆರೆಯಲಿಲ್ಲ. ಯಾಕೆ ಎಂದು ಕೇಳಿದರೆ ಮೊದಲು ನಥಿಂಗ್ ಎಂದಳು, ಆಮೇಲೆ ಅಳು ಒತ್ತರಿಸಿ ಬಂತು. ಕ್ಲಾಸಿನ ಮಕ್ಕಳು ಅವಳ ಜೊತೆ ಮಾತು ಬಿಟ್ಟಿದ್ದರಂತೆ. 'ದೇ ಸೆಡ್ ಇಟ್ಸ್ ಬಿಕಾಸ್ ಆಫ್ ಅಸ್. ನಿಮ್ಮೋರೇ ಬೇಡ ಅಂದ್ರಲ್ಲ ಅಂತಾರೆ. ಬಟ್ ಐ ನೀಡ್ ಇಟ್, ಅಮ್ಮ. ಡಿಡ್ ಯು ಟೆಲ್ ದೆಮ್ ಐ ನೀಡ್ ಇಟ್?'

ನಾನು ಹೇಳಿರಲಿಲ್ಲ. ತಟ್ಟೆ ಹಿಡಿದು ನಿಂತಿದ್ದೆ. ಮಗುವಿನ ಮುಖ ಒರೆಸುತ್ತ, ಮುಂದಿನ ಮೀಟಿಂಗಿಗೆ ನಾನೊಬ್ಬಳೇ ಹೋಗುವುದೆಂದು ತೀರ್ಮಾನಿಸಿದೆ. ಧೈರ್ಯ ಬಂದಿತ್ತೆಂದಲ್ಲ. ಸಿಟ್ಟು ಹೆದರಿಕೆಗಿಂತ ಒಂದು ಕೈ ಮೇಲಾಗಿತ್ತು, ಅಷ್ಟೆ. ಮೀಟಿಂಗಿನ ಸಂಜೆ ನನ್ನ ಗಂಡ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಕಾರಿನ ಬೀಗದ ಕೈ ಕೊಡುತ್ತ, 'ಮಾಸ್ಕ್ ಆದ್ರೂ ಹಾಕ್ಕೊಂಡ್ ಹೋಗು' ಎಂದರು. ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಇಲ್ಲ, ಕೈಯಲ್ಲಿ ಮಾಸ್ಕ್ ಹಿಡಿದಿದ್ದರು.

ಹಾಲಿನಲ್ಲಿ ಹಿಂದಿನ ಸಾಲಿನ ಮೂಲೆ ಹುಡುಕಿ ಕೂತೆ. ಎರಡು ಸಾಲು ಮುಂದೆ ಸಂಗೀತದ ಆಂಟಿ ಒಬ್ಬರೇ ಕೂತಿದ್ದರು. ನಾನು ಹೇಳಬೇಕೆಂದಿದ್ದ ಮಾತು ಅವರ ಮುಂದೆ ಹೇಳುವ ಮಾತಾಗಿರಲಿಲ್ಲ. ಬೋರ್ಡಿನ ಕಾರ್ಯದರ್ಶಿ ನಿಯಮ ಓದಿದರು. ಮಾತಾಡುವವರು ಮೊದಲು ಪೂರ್ತಿ ಹೆಸರು, ಮನೆಯ ನಂಬರು, ಬೀದಿ ಹೇಳಬೇಕು. ಮೀಟಿಂಗ್ ಲೈವ್ ಆಗಿ ಹೋಗುತ್ತಿದೆ, ರೆಕಾರ್ಡ್ ಆಗಿ ಉಳಿಯುತ್ತದೆ. ಕ್ಯಾಮೆರಾದ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

ನನ್ನ ಸರದಿ ಬಂತು. ಮೈಕಿನ ಮುಂದೆ ಹೋಗಿ ನಿಂತೆ. ಸುಳ್ಳು ನಂಬರು ಹೇಳಿಬಿಡಲೇ ಎನ್ನಿಸಿತು. ಸುಳ್ಳು ಹೇಳಿದ್ದು ನಾಳೆ ಗೊತ್ತಾದರೆ ಅದೇ ಇನ್ನೊಂದು ಅಪರಾಧವಾದೀತೆಂದು ಹೊಳೆಯಿತು. ನಿಜವಾದ ಹೆಸರು, ನಿಜವಾದ ನಂಬರು, ನಿಜವಾದ ಬೀದಿ ಹೇಳಿದೆ. ಹೇಳಿದ ಮೇಲೆ ಇನ್ನು ಕಳೆದುಕೊಳ್ಳಲು ಏನೂ ಉಳಿದಿಲ್ಲವೆಂಬ ಹಾಗೆ ಮಾತು ತಾನಾಗಿ ಬಂತು.

ಹೋದ ಸಲ ನಿಮ್ಮ ಮುಂದೆ ಹಾಡಿದವರು ನಮ್ಮಲ್ಲಿ ಚೆನ್ನಾಗಿ ಹಾಡುವ ಮಕ್ಕಳು, ಅವರನ್ನಷ್ಟೇ ಆರಿಸಿ ಕರೆತಂದಿದ್ದೆವು, ಎಂದೆ. ನನ್ನ ಮಗಳನ್ನು ನೀವು ನೋಡಿಲ್ಲ. ಅವಳಿಗೆ ಶ್ರುತಿ ನಿಲ್ಲುವುದಿಲ್ಲವೆಂದು ಆ ಕ್ಲಾಸಿನಿಂದ ಕಳಿಸಿದರು. ಅವಳ ಅಜ್ಜಿಯ ಹಾಡು ಅವಳ ಗಂಟಲಿಗೆ ಬರುವುದಿಲ್ಲ, ಬೆರಳಿಗೆ ಬರುತ್ತದೆ. ಅದನ್ನು ಕಂಡುಹಿಡಿದದ್ದು ನಿಮ್ಮ ಸ್ಕೂಲಿನ ಟೀಚರು, ನಾವಲ್ಲ. ನಮ್ಮವರಿಗೆಲ್ಲ ವೀಕೆಂಡ್ ಕ್ಲಾಸಿದೆ ಎನ್ನುತ್ತೀರಿ. ಅವಳಿಗಿರುವುದು ಬುಧವಾರ ಮಾತ್ರ. ಇಷ್ಟು ಹೇಳುವಷ್ಟರಲ್ಲಿ ನನಗೆ ಕೊಟ್ಟ ಹೊತ್ತು ಮುಗಿದು ಟೈಮರ್ ಕೂಗಿತು. ಆಂಟಿಯ ಕಡೆ ನೋಡದೆ ಬಂದು ಕೂತೆ.

ಆಂಟಿ ಎದ್ದರು. ಮೈಕಿನ ಕಡೆಗೇ ಹೊರಟರು. ಮುಗಿಯಿತು, ಊರ ಮುಂದೆ ನನ್ನ ಮಾನ ಹರಾಜು ಎಂದುಕೊಂಡೆ. ಅವರು ತಮ್ಮ ಅಡ್ರೆಸ್ ಹೇಳಿ, ತಡವರಿಸುವ ಇಂಗ್ಲಿಷಿನಲ್ಲಿ, ಆ ಹುಡುಗಿಯನ್ನು ಕಳಿಸಿದ್ದು ನಾನೇ ಎಂದರು. ನನ್ನದು ಒಂದು ಲಿವಿಂಗ್ ರೂಮು, ನಾನು ಆರಿಸಿಕೊಂಡೇ ಕಲಿಸುವುದು. ಸ್ಕೂಲು ಹಾಗೆ ಆರಿಸಿಕೊಳ್ಳುವಂತಿಲ್ಲ. ನಾನು ಬೇಡ ಅಂದ ಮಕ್ಕಳೆಲ್ಲ ಎಲ್ಲಿಗೆ ಹೋಗಬೇಕು? ಅಷ್ಟು ಹೇಳಿ ತಿರುಗಿದರು. ನನ್ನ ಪಕ್ಕದಲ್ಲಿ ಹಾದುಹೋಗುವಾಗ ಒಂದು ಕ್ಷಣ ನಿಂತು, 'ಅಡುಗೆಮನೇಲಿ ಆಡಿದ್ ಮಾತನ್ನ ಇಷ್ಟ್ ಜನರ ಮುಂದೆ ಇಟ್ಯಲ್ಲಮ್ಮ' ಎಂದು ಹೊರಟುಹೋದರು. ನಾನು ಎದ್ದು ಹಿಂದೆ ಹೋಗಬೇಕಿತ್ತು, ಹೋಗಲಿಲ್ಲ.

ಮನೆಗೆ ಬಂದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ನಮ್ಮ ಮನೆ ಮಾತ್ರ ಕತ್ತಲಾಗಿತ್ತು. ಕಿಟಕಿಯ ಬ್ಲೈಂಡ್ಸ್ ಎಲ್ಲ ಇಳಿದಿದ್ದವು, ಮುಂಬಾಗಿಲಿಗೆ ಶೂ ರ‍್ಯಾಕ್ ಒತ್ತರಿಸಿ ಇಟ್ಟಿದ್ದರು. ಗರಾಜಿನಿಂದ ಒಳಗೆ ಹೋದರೆ ನನ್ನ ಗಂಡ, 'ಲೈಟ್ ಹಾಕ್ಬೇಡ, ಅಳ್ತಾಳೆ' ಎಂದು ಪಿಸುಗುಟ್ಟಿದರು. ಇಬ್ಬರೂ ಕೂತು ಲೈವ್ ನೋಡಿದ್ದರಂತೆ. ಮಗಳು ಸೋಫಾದ ಹಿಂದೆ ಮಂಡಿ ಮಡಚಿ ಕೂತಿದ್ದಳು. ಶ್ರುತಿಯ ಮಾತು ಎಲ್ಲರ ಮುಂದೆ ಎತ್ತಿದ್ದಕ್ಕೆ ನೊಂದುಕೊಂಡಳೆಂದು ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತಲೆಯೆತ್ತಿ, 'ಅಮ್ಮ, ಯು ಟೋಲ್ಡ್ ದೆಮ್ ವೇರ್ ವಿ ಲಿವ್' ಎಂದಳು.

'ಏನೂ ಆಗಲ್ಲ ಪುಟ್ಟಾ.'

'ದೆನ್ ವೈ ಡು ಯು ಆಲ್ವೇಸ್ ಲುಕ್ ಔಟ್ ದ ವಿಂಡೋ?'

ನಮ್ಮ ಪಿಸುಮಾತು ಅವಳಿಗೆ ಕೇಳಿಸುವುದಿಲ್ಲ, ಕೇಳಿಸಿದರೂ ಕನ್ನಡ ಅಷ್ಟು ತಿಳಿಯುವುದಿಲ್ಲ ಎಂದುಕೊಂಡು ನಾವಿಬ್ಬರೂ ಎಷ್ಟು ಮೂರ್ಖರಾಗಿದ್ದೆವು. ಅವಳನ್ನು ಅಪ್ಪಿಕೊಂಡೆ. ಅವಳ ಎದೆ ನನ್ನದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಮುಂದಿನ ಮೀಟಿಂಗಿನಲ್ಲಿ ಬೋರ್ಡು ಓಟು ಹಾಕಿತು. ಒಂದೇ ಓಟಿನ ಅಂತರದಲ್ಲಿ ಪೀರಿಯಡ್ ಉಳಿಯಿತು, ಸದ್ಯಕ್ಕೆ ಒಂದು ವರ್ಷ. ಮ್ಯೂಸಿಕ್ ಟೀಚರ್ ಫೋನ್ ಮಾಡಿ ಅತ್ತರು. ನಮ್ಮ ವಾಟ್ಸಾಪ್ ಗುಂಪಿಗೆ ಮತ್ತೆ ಜೀವ ಬಂದು ಹೂವಿನ ಚಿತ್ರಗಳು ಸುರಿದವು. ಅಂಕಲ್ ಫ್ಲೋರಿಡಾದಿಂದ ಫೋನ್ ಮಾಡಿ, 'ಭಾಳ ಛಲೋ ಆತ್ರೀ! ನಾ ಬಂದ ಮ್ಯಾಲ ನಿಮಗೊಂದು ಸನ್ಮಾನ ಇಟ್ಕೊಳ್ಳೂಣು' ಎಂದರು. ನಿಮ್ಮ ಸನ್ಮಾನಕ್ಕೆ ಬೆಂಕಿ ಹಾಕ ಎಂದು ಫೋನಿಟ್ಟೆ. ಇಟ್ಟ ಮೇಲೆ ನಗು ಬಂತು, ಬಹಳ ದಿನಗಳ ಮೇಲೆ.

ಆ ಗುರುವಾರ ಮಗಳು ಸ್ಕೂಲಿನಿಂದ ಬಂದು ವಯೋಲಾ ತೆಗೆದುಕೊಂಡು ಹೋದದ್ದು ಕಂಡೆ. ಬೀದಿ ಕಡೆಯ ಮುಂದಿನ ರೂಮಿನಲ್ಲಿ ನಿಂತು ನುಡಿಸುವುದು ಅವಳ ರೂಢಿ. ಕಾದೆ, ದನಿ ಬರಲಿಲ್ಲ. ಮೇಲೆ ಹೋಗಿ ನೋಡಿದರೆ ಅವಳ ರೂಮು ಖಾಲಿ. ನಮ್ಮ ರೂಮಿನ ಬಟ್ಟೆ ಇಡುವ ವಾಕ್-ಇನ್ ಕ್ಲಾಸೆಟ್ಟಿನ ಬಾಗಿಲ ಸಂದಿಯಲ್ಲಿ ಬೆಳಕಿತ್ತು. ತೆರೆದೆ. ಚಳಿಗಾಲದ ದಪ್ಪ ಕೋಟುಗಳ ನಡುವೆ ಜಾಗ ಮಾಡಿಕೊಂಡು ನಿಂತಿದ್ದಳು. ಸದ್ದು ಅಡಗಿಸಲು ತಂತಿಗೆ ರಬ್ಬರಿನ ತುಂಡು ಸಿಕ್ಕಿಸಿಕೊಂಡು ಯಾರದೋ ಮನೆಯ ಹೊಸ ಹಾಡೊಂದನ್ನು ನುಡಿಸುತ್ತಿದ್ದಳು. ಚೆನ್ನಾಗಿತ್ತು.

'ಇಲ್ಯಾಕೆ ಪುಟ್ಟಾ?'

'ಸೋ ನೋಬಡಿ ಔಟ್‌ಸೈಡ್ ನೋಸ್ ವಿ ಆರ್ ಹೋಮ್.'

ಹಾಗೇನಿಲ್ಲ, ಹೊರಗೆ ಬಂದು ನುಡಿಸು ಎನ್ನಬೇಕಿತ್ತು. ಹೊರಗೆ ಯಾರೂ ಇಲ್ಲವೆಂದು ನಾನಾದರೂ ಯಾವ ಧೈರ್ಯದ ಮೇಲೆ ಹೇಳಲಿ? ಅವಳು ಕಮಾನು ಎತ್ತಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೋಟುಗಳನ್ನು ಸರಿಸಿ ಒಳಗೆ ಕೂತು, ಬಾಗಿಲು ಎಳೆದುಕೊಂಡೆ.